ಹದಿನೇಳು ಸುಮ್ಮನಾಯಿತು

ಮಾರ್ಚ್ 3, ಸೋಮವಾರ

ಈ ಡೈರಿ ಕೇಬಲ್ ಮಾರುವವರು ಪುಕ್ಕಟೆ ಕೊಟ್ಟದ್ದು. ಎರಡು ತಿಂಗಳು ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಇವತ್ತು ಹೊರಗೆ ತೆಗೆದೆ, ಏಕೆಂದರೆ ಯಾರಿಗಾದರೂ ಬೈಯಬೇಕಾಗಿದೆ, ಮತ್ತು ಬೈಸಿಕೊಂಡವರು ತಿರುಗಿ ಮಾತಾಡಬಾರದು. ಅಂಥವರು ಈ ಆಸ್ಪತ್ರೆಯಲ್ಲಿ ಇಲ್ಲ. ಮನೆಯಲ್ಲಂತೂ ಇಲ್ಲವೇ ಇಲ್ಲ.

ನಮ್ಮ ನೆಟ್‌ವರ್ಕ್ ಕೋಣೆಯಲ್ಲಿ ಇದ್ದದ್ದೇ ಇಬ್ಬರು. ಅವರಲ್ಲಿ ಒಬ್ಬ ಕಳೆದ ತಿಂಗಳು ಕೆಲಸ ಬಿಟ್ಟ. ಅವನ ಕುರ್ಚಿ, ಅವನ ಹಿಡಿ ಮುರಿದ ಚಹಾ ಕಪ್ಪು ಮತ್ತು ಅವನ ಪಾಲಿನ ಅರ್ಧ ಆಸ್ಪತ್ರೆ ನನಗೆ ಬಂದವು. ಸಾಲದ್ದಕ್ಕೆ ನಮ್ಮ ವಿಭಾಗದ ಸಾಹೇಬರು ಹೊಸ ನಿಗಾ ವ್ಯವಸ್ಥೆ ಹಾಕಿಸಿದ್ದಾರೆ. ಪ್ರತಿ ಕಟ್ಟಡಕ್ಕೆ ಹೋಗುವ ಪ್ರತಿ ಲೈನೂ ಒಂದೊಂದು ಪೋರ್ಟಿನಿಂದ, ಅಂದರೆ ತಂತಿ ಸಿಕ್ಕಿಸುವ ಕಿಂಡಿಯಿಂದ, ಹೊರಡುತ್ತದೆ. ಅಲ್ಲಿಂದ ಎಷ್ಟು ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಹೋಯಿತು, ಅದರಲ್ಲಿ ಎಷ್ಟು ಕೆಟ್ಟು ತಲುಪಿತು ಎಂದು ಈ ವ್ಯವಸ್ಥೆ ಲೆಕ್ಕ ಹಾಕುತ್ತಲೇ ಇರುತ್ತದೆ. ಸಾವಿರಕ್ಕೆ ಒಂದು ದಾಟಿತೋ, ಗೋಡೆಯ ಮೇಲಿನ ಸ್ಕ್ರೀನಿನಲ್ಲಿ ಆ ಪೋರ್ಟು ಹಳದಿ. ಐದು ದಾಟಿತೋ, ಕೆಂಪು. ಎರಡಕ್ಕೂ ನನ್ನ ಫೋನು ಕುಂಯ್ ಎನ್ನುತ್ತದೆ. ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ನನ್ನ ಕೆಲಸ. ಸ್ನಾನ ಮಾಡುವಾಗಲೂ ಕುಂಯ್, ಬಸ್ಸಿನಲ್ಲೂ ಕುಂಯ್. ತಲೆ ಚಿಟ್ಟು ಹಿಡಿದುಹೋಗಿದೆ.

ಸಂಜೆ ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹೊಲಿಗೆ ಅವಳ ಕಸುಬು. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ, ಈಗಲೂ ಬೆಳೆಸುತ್ತಲೇ ಇದ್ದಾಳೆ. ಮನೆಯಲ್ಲಿ ನಾವಿಬ್ಬರೇ. ಅವಳು ಮೆಷಿನ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ, ಹೊಲಿಗೆ ಎಲ್ಲೆಲ್ಲಿ ತಪ್ಪಿತು ಅಂತ ನೀನು ಎಣಿಸ್ತೀಯ," ಅಂದಳು. "ಬಿಚ್ಚಿ ಹೊಲಿಯೋದು ಯಾರು?"

ಅದು ಬೇರೆ ವಿಭಾಗ ಅಂದೆ. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಸಾಹೇಬರು ಖುದ್ದಾಗಿ ಬಂದು ಒಂದು ಲೈನಿನ ತಂತಿ ಕಿತ್ತರು. ಹೇಳದೆ ಕೇಳದೆ, ಔಷಧಿ ಉಗ್ರಾಣದ್ದು. ನನ್ನ ಫೋನು ಕೂಗಿಕೊಂಡಿತು, ನಾನು ಚಹಾ ಬಿಟ್ಟು ಎದ್ದು ಓಡಿದೆ. ಹೋಗಿ ನೋಡಿದರೆ ತಂತಿಯ ತುದಿ ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತ ನಿಂತಿದ್ದಾರೆ. ಎಚ್ಚರಿಕೆ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ ಆಗಾಗ ಹೀಗೆ ಕಿತ್ತು ನೋಡಬೇಕಂತೆ. ಪರವಾಗಿಲ್ಲ, ಇನ್ನೂ ಸ್ವಲ್ಪ ಬೇಗ ಬರಬಹುದಿತ್ತು ಅಂದರು.

ಆ ಕೈಯನ್ನೇ ಕಿತ್ತು ನೋಡಬೇಕು ಅನ್ನಿಸಿತು. ಅಕ್ಕನಿಗೆ ಈ ಕಥೆ ಎಷ್ಟು ಹಿಡಿಸಿತೆಂದರೆ ಊಟದ ಹೊತ್ತಿಗೆ ಮತ್ತೆ ಹೇಳಿಸಿದಳು. ಸಾಹೇಬರು ಗಡಿಯಾರ ನೋಡುವ ಗತ್ತನ್ನು ನಾನು ಮಾಡಿ ತೋರಿಸಬೇಕಾಯಿತು.

ಮಾರ್ಚ್ 11, ಮಂಗಳವಾರ

ಹದಿನೇಳನೇ ಪೋರ್ಟಿಗೆ ನನ್ನ ಮೇಲೆ ಯಾವ ಜನ್ಮದ ಹಗೆಯೋ ಗೊತ್ತಿಲ್ಲ. ಅದು ಹಿಂದಿನ ಕಟ್ಟಡದ ಕಣ್ಣಿನ ವಿಭಾಗದ ಲೈನು. ಅಲ್ಲಿ ಯಂತ್ರದಲ್ಲಿ ಕಣ್ಣಿನ ಒಳಭಾಗದ ಚಿತ್ರ ತೆಗೆಯುತ್ತಾರೆ. ಆ ಚಿತ್ರ ಈ ಲೈನಿನಲ್ಲಿ ಮುಂದಿನ ಕಟ್ಟಡದ ಡಾಕ್ಟರ ಮೇಜಿಗೆ ಬರಬೇಕು. ಬೆಳಗ್ಗೆಯಿಂದ ಹಳದಿ, ಕೆಂಪು, ಮತ್ತೆ ಹಳದಿ, ಮತ್ತೆ ಕೆಂಪು.

ಅಲ್ಲಿಯ ಹಿರಿಯ ನರ್ಸ್ ಫೋನ್ ಮಾಡಿದರು. ಚಿತ್ರ ಅರ್ಧ ಹೋಗಿ ನಿಲ್ಲುತ್ತದಂತೆ, ಡಾಕ್ಟರು ಸಿಡುಕುತ್ತಾರಂತೆ, ರೋಗಿಗಳು ಕಾದು ಕೂತಿರುತ್ತಾರಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಆಮೇಲೆ ಮತ್ತೆ. ನಾನು ನಯವಾಗಿಯೇ ಹೇಳಿದೆ, ಲೈನು ಪೂರ್ತಿ ನಿಂತರೆ ಮಾತ್ರ ಫೋನ್ ಮಾಡಿ, ನಿಧಾನವಾಗುವುದನ್ನೆಲ್ಲ ದೂರು ಅಂತ ತಗೊಳ್ಳೋಕೆ ಆಗಲ್ಲ ಅಂತ. ನಯವಾಗಿ ಎಂದು ಬರೆದೆ. ಅಷ್ಟೇನೂ ನಯವಾಗಿರಲಿಲ್ಲ.

ತಂತಿಯಲ್ಲೇ ಎಲ್ಲೋ ಪೆಟ್ಟಾಗಿದೆ, ಅದು ನನಗೆ ಗೊತ್ತು. ಆದರೆ ಆ ತಂತಿ ಹೋಗುವುದು ಹೊಸದಾಗಿ ಹಾಕಿಸಿದ ಒಳಛಾವಣಿಯ ಮೇಲೆ. ಏಪ್ರಿಲ್ ಕೊನೆಗೆ ಪರಿಶೀಲನೆಯವರು ಬರುತ್ತಾರೆ, ಅಲ್ಲಿಯವರೆಗೆ ಛಾವಣಿ ಮುಟ್ಟುವಂತಿಲ್ಲ ಎಂದು ಸಾಹೇಬರು ಖಡಾಖಂಡಿತವಾಗಿ ಹೇಳಿದ್ದಾರೆ. ಸ್ಕ್ರೀನು ಮಾತ್ರ ಪೂರ್ತಿ ಹಸಿರಾಗಿ ಕಾಣಬೇಕಂತೆ. ಹಾಗಾದರೆ ಏನು ಮಾಡಲಿ ಅಂದೆ. "ಮಿತಿ ಸ್ವಲ್ಪ ಏರಿಸಿ ಮೇಡಂ," ಅಂದರು. "ಸಾವಿರಕ್ಕೆ ಒಂದು ಅನ್ನೋದು ತೀರಾ ಮಡಿವಂತಿಕೆ ಆಯ್ತು."

ಸಾವಿರಕ್ಕೆ ಐದು ಮಾಡಿದೆ. ಅರ್ಧ ಅಲರ್ಟುಗಳು ನಿಂತುಹೋದವು. ನಿಜ ಹೇಳಬೇಕೆಂದರೆ ಹೊಟ್ಟೆ ತಣ್ಣಗಾಯಿತು.

ಮನೆಯಿಂದಲೂ ಇದೇ ಗೋಳು. ಅಕ್ಕ ಕೆಲಸದ ಹೊತ್ತಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಫೋನ್ ಮಾಡುತ್ತಾಳೆ. ನೀರಿನ ಟ್ಯಾಂಕು ತುಂಬಿ ಹರಿಯಿತು. ಪಕ್ಕದ ಮನೆಯ ಮುದುಕರು ಮತ್ತೆ ನಮ್ಮ ಪೇಪರ್ ಎತ್ತಿಕೊಂಡು ಹೋದರು. ಇವತ್ತು ಕತ್ತರಿ ಎಲ್ಲಿಟ್ಟೆ ಅಂತ ನನ್ನನ್ನು ಕೇಳಿದಳು. ಅವಳ ಕತ್ತರಿಯನ್ನು ನಾನು ಮುಟ್ಟುವುದಕ್ಕೂ ಬಿಡುವುದಿಲ್ಲ. ಮನೆಗೆ ಹೋಗಿ ನೋಡಿದರೆ ಮೆಷಿನ್ನಿನ ಎಡಗಡೆ, ಅವಳ ಮೊಣಕೈ ಹತ್ತಿರವೇ ಇತ್ತು.

ಮಾರ್ಚ್ 14, ಶುಕ್ರವಾರ

ಇವತ್ತು ಅಕ್ಕನ ಮೇಲೆ ರೇಗಿಬಿಟ್ಟೆ.

ಸಾಹೇಬರ ಕೋಣೆಯಲ್ಲಿ ಸಭೆ. ಆಡಳಿತದವರು, ಲೆಕ್ಕದವರು, ಎಲ್ಲ ಕೂತಿದ್ದಾರೆ. ಫೋನು ಕೂಗಿತು, ಕಟ್ ಮಾಡಿದೆ. ಮತ್ತೆ ಕೂಗಿತು. ಏನೋ ಆಗಿದೆ ಎಂದುಕೊಂಡು ಹೊರಗೆ ಓಡಿ ಬಂದು ಎತ್ತಿದರೆ, ದೀಪದ ಸುತ್ತ ಬಣ್ಣಬಣ್ಣದ ಬಳೆಯ ಹಾಗೆ ಕಾಣುತ್ತಿದೆ, ಬಲ್ಬು ಹಾಳಾಗಿದೆಯೇನೋ, ಬರುವಾಗ ತರುತ್ತೀಯಾ ಅಂತ. ಬಲ್ಬಿಗೋಸ್ಕರ.

ಬಾಯಿಗೆ ಬಂದದ್ದೆಲ್ಲ ಅಂದೆ. ನನಗೂ ಕೆಲಸ ಇದೆ, ಪ್ರತಿಯೊಂದಕ್ಕೂ ಫೋನ್ ಮಾಡಬೇಡ, ತೀರಾ ಆಗದಿದ್ದಾಗ ಮಾತ್ರ ಮಾಡು ಅಂದೆ. ಅವಳು "ಆಯ್ತು ಮರೀ" ಅಂದಳು. ನಲವತ್ತು ದಾಟಿದವಳನ್ನು ಮರಿ ಎನ್ನುತ್ತಾಳೆ. ಅದಕ್ಕೂ ಸಿಟ್ಟು ಬಂತು.

ಬಲ್ಬು ತಂದು ಹಾಕಿದೆ. ಈಗ ಸರಿಯಾಯಿತಾ ಅಂತ ಕೇಳಿದೆ. ಸರಿಯಾಯಿತು ಅಂದಳು.

ಮಾರ್ಚ್ 20, ಗುರುವಾರ

ಮನೆಯಿಂದ ಒಂದು ಫೋನೂ ಇಲ್ಲ. ಸೋಮವಾರದಿಂದ ಹೀಗೇ. ಮೊದಲೇ ಗಟ್ಟಿಯಾಗಿ ಹೇಳಬೇಕಿತ್ತು.

ಮಾರ್ಚ್ 27, ಗುರುವಾರ

ಹದಿನೇಳನೇ ಪೋರ್ಟು ಈಗ ದಿನವಿಡೀ ಸಾವಿರಕ್ಕೆ ಐದರ ಮೇಲೆಯೇ ಇದೆ. ಹತ್ತು ಮಾಡಿದೆ. ಸಂಜೆಯೊಳಗೆ ಅದನ್ನೂ ದಾಟಿತು. ಇಪ್ಪತ್ತು ಮಾಡಿದೆ. ಮೊದಲ ಸಲ ಏರಿಸುವಾಗ ಕೈ ಹಿಂಜರಿದಿತ್ತು, ಈಗ ರೇಡಿಯೋದ ಸದ್ದು ತಗ್ಗಿಸಿದಷ್ಟು ಸಲೀಸು. ಸ್ಕ್ರೀನು ಹಸಿರು. ಅಲ್ಲಿಯ ನರ್ಸ್ ಕೂಡ ಫೋನ್ ಮಾಡಿಲ್ಲ, ಅಂದ ಮೇಲೆ ಕೆಲಸ ನಡೆಯುತ್ತಿದೆ ಅಂತಲೇ ಅರ್ಥ.

ಬೆಳಗ್ಗೆ ಅಕ್ಕ ಮೇಜಿನ ಅಂಚಿನಲ್ಲಿದ್ದ ನನ್ನ ಚಹಾ ಕಪ್ಪನ್ನು ಕೈ ತಾಗಿಸಿ ಬೀಳಿಸಿದಳು. ಈ ವಾರದಲ್ಲಿ ಎರಡನೆಯದು. ಅವಳ ಬಲಭುಜದ ಹತ್ತಿರ ಕಂದಿದ ಗಾಯವೂ ಇದೆ. ಏನದು ಅಂದರೆ "ಬಾಗಿಲು ಅದರ ಜಾಗದಲ್ಲೇ ಇತ್ತು, ನಾನೇ ದಪ್ಪಗಾಗಿದ್ದೀನಿ" ಅಂತ ನಗೆಯಾಡಿದಳು. ಅವಳು ಒಣಗಿದ ಕಡ್ಡಿಯ ಹಾಗಿದ್ದಾಳೆ. ನಾನೂ ನಕ್ಕೆ, ಕಪ್ಪಿನ ಚೂರು ಗುಡಿಸಿದೆ, ಬಸ್ಸು ತಪ್ಪಿತು.

ಏಪ್ರಿಲ್ 2, ಬುಧವಾರ

ಹಸಿರು. ಊಟ ಮಾಡಿ ಮಲಗಿದೆ.

ಏಪ್ರಿಲ್ 8, ಮಂಗಳವಾರ

ಮೆಷಿನ್ನು ಕಿಟಕಿಯ ಹತ್ತಿರ ಹೋಗಿದೆ. ಭಾರದ ಕಬ್ಬಿಣದ ಮೆಷಿನ್ನು, ಒಬ್ಬಳೇ ಎಳೆದಿದ್ದಾಳೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಸಂಜೆ ನಾನು ಬರುವ ಹೊತ್ತಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿಯಾಗಿರುತ್ತದೆ. ಮೊದಲು ನಾನು ಬಂದರೂ ಕತ್ತೆತ್ತದೆ ಹೊಲಿಯುತ್ತಿದ್ದಳು, ಊಟಕ್ಕೆ ಕರೆದು ಕರೆದು ಸಾಕಾಗುತ್ತಿತ್ತು.

ಎದುರು ಮನೆಯವರು ಕಿಟಕಿಯ ಪರದೆ ವಾಪಸ್ ತಂದುಕೊಟ್ಟರು. ಒಂದು ಪಕ್ಕದ ಅಂಚು ಸೊಟ್ಟಗೆ ಹೋಗಿದೆ. ಅಕ್ಕನ ಕೈಯ ಹೊಲಿಗೆ ಸೊಟ್ಟ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೈಮೇಲೆ ಜ್ಞಾನ ಇಲ್ಲದೆ ಹೊಲಿದರೆ ಹೀಗೇ ಆಗೋದು ಅಂದೆ. ಹೌದು ಅಂದಳು, ಕೂತು ಬಿಚ್ಚಿದಳು. ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. ವಾದಕ್ಕೆ ಸಿದ್ಧಳಾಗಿ ಕೂತವಳಿಗೆ ಎದುರಾಳಿ ಸಿಗದಿದ್ದರೆ ಒಂಥರಾ ಪೆಚ್ಚಾಗುತ್ತದೆ.

ಏಪ್ರಿಲ್ 15, ಮಂಗಳವಾರ

ಸೊಂಟ ನೋವು. ಆ ಕುರ್ಚಿಯಲ್ಲಿ ಕೂತು ಕೂತು. ಅಕ್ಕ ಬೆಳಗ್ಗೆ ಹೊರಗೆ ಹೋಗಿದ್ದಳಂತೆ, ಸಂಜೆಯಾದರೂ ಒಳ್ಳೆಯ ಸೀರೆಯಲ್ಲೇ ಇದ್ದಳು. ದಾರ ತರಲು ಹೋಗಿದ್ದೆ, ಬೇಕಾದ ಬಣ್ಣ ಸಿಗಲಿಲ್ಲ, ಮುಂದಿನ ವಾರ ಬಾ ಅಂದರು ಅಂತ ಹೇಳಿದಳು. ದಾರದಂಗಡಿಗೆ ಒಳ್ಳೆಯ ಸೀರೆ ಯಾಕೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹನ್ನೊಂದನೇ ಪೋರ್ಟು ಕುಂಯ್ ಅಂದಿತು.

ಏಪ್ರಿಲ್ 23, ಬುಧವಾರ

ಬರೆಯಲೇಬೇಕಾದ ಸುದ್ದಿ. ಹದಿನೇಳು ಸುಮ್ಮನಾಯಿತು.

ಬೆಳಗ್ಗೆ ಬಂದು ನೋಡಿದರೆ ದೋಷದ ಪ್ರಮಾಣ ಸೊನ್ನೆ. ಸಾವಿರಕ್ಕೆ ಇಪ್ಪತ್ತಲ್ಲ, ಐದಲ್ಲ, ಒಂದೂ ಅಲ್ಲ. ಗ್ರಾಫಿನ ಗೆರೆ ನೆಲಕ್ಕೆ ಒರಗಿ ಮಲಗಿದೆ. ಸಂಜೆಯವರೆಗೂ ಹಾಗೇ ಇತ್ತು. ಕೆಲವೊಮ್ಮೆ ತಂತಿಗಳು ತಾವೇ ಸರಿಹೋಗುತ್ತವೆ, ಯಾಕೆ ಎಂದು ಕೇಳಬಾರದು. ಸಾಹೇಬರು ಸ್ಕ್ರೀನಿನ ಮುಂದೆ ಕೈಕಟ್ಟಿ ನಿಂತು, ಹೊಲ ನೋಡುವವರ ಹಾಗೆ ಆ ಹಸಿರನ್ನು ನೋಡಿದರು. "ನೋಡಿದ್ರಾ, ಛಾವಣಿ ಒಡೆಯೋದು ಬೇಕಾಗಲೇ ಇಲ್ಲ," ಅಂದರು.

ಮನೆಯಲ್ಲೂ ಶಾಂತಿ. ಅಕ್ಕ ಯಾವುದಕ್ಕೂ ಗೊಣಗುವುದಿಲ್ಲ, ಯಾವುದನ್ನೂ ಕೇಳುವುದಿಲ್ಲ. ಪಕ್ಕದ ಮನೆಯ ಮುದುಕರು ಪೇಪರ್ ಒಯ್ದರೂ ಬಿಟ್ಟುಬಿಟ್ಟಿದ್ದಾಳೆ, ಓದುವುದಕ್ಕೇ ಮನಸ್ಸಿಲ್ಲವಂತೆ. ನಿನ್ನೆ ಮತ್ತೆ ದಾರಕ್ಕೆ ಹೋಗಿ ಬಂದಳು, ಇನ್ನೂ ಬಂದಿಲ್ಲವಂತೆ. ವಯಸ್ಸಾದ ಹಾಗೆ ಮನುಷ್ಯರು ಮೆತ್ತಗಾಗುತ್ತಾರೆ. ನನಗೂ ವಿಶ್ರಾಂತಿ ಸಿಕ್ಕ ಹಾಗಾಯಿತು. ಎಷ್ಟೋ ದಿನಗಳ ಮೇಲೆ ಇವತ್ತು ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹತ್ತಿತು.

ಏಪ್ರಿಲ್ 30, ಬುಧವಾರ

ಪರಿಶೀಲನೆ ಮುಗಿಯಿತು. ಸ್ಕ್ರೀನಿನಲ್ಲಿ ಒಂದು ಹಳದಿ ಚುಕ್ಕೆಯೂ ಇರಲಿಲ್ಲ. ಬಂದವರು ತಲೆದೂಗಿ ಹೋದರು. ನನಗೆ ಖುಷಿಯಾಗಬೇಕಿತ್ತು. ಬರೀ ಸುಸ್ತು.

ಮೇ 6, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆ ತಿಂಗಳ ವರದಿ ಮಾಡುತ್ತಿದ್ದೆ. ಪ್ರತಿ ಪೋರ್ಟಿನಲ್ಲಿ ಒಟ್ಟು ಎಷ್ಟು ಪ್ಯಾಕೆಟ್ ಹೋಯಿತು ಎಂದು ಬರೆಯುವ ಸಾಲು ಅದರಲ್ಲಿದೆ. ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ, ಸುಮ್ಮನೆ ತುಂಬುತ್ತೇನೆ. ಹದಿನೇಳರ ಮುಂದೆ ಬರೆಯಲು ಹೋದವಳು ತಡೆದೆ. ಎರಡು ವಾರದಿಂದ ಅಲ್ಲಿ ಏನೂ ಹೋಗಿಲ್ಲ. ತಂತಿ ಸತ್ತಿಲ್ಲ, ಸತ್ತಿದ್ದರೆ ಕೂಗುತ್ತಿತ್ತು. ಜೀವ ಇದೆ, ಆದರೆ ಅದರಲ್ಲಿ ಯಾರೂ ಏನನ್ನೂ ಕಳಿಸುತ್ತಿಲ್ಲ. ಏನೂ ಹೋಗದಿದ್ದರೆ ಕೆಡುವುದಾದರೂ ಏನು? ಅದಕ್ಕೇ ಸೊನ್ನೆ. ಆ ಸೊನ್ನೆ ನೋಡಿ ನಾನು ಖುಷಿಪಟ್ಟಿದ್ದೆ, ಇದೇ ಡೈರಿಯಲ್ಲಿ ಬರೆದೂ ಇದ್ದೆ. ವರದಿ ಅಲ್ಲೇ ಬಿಟ್ಟು ಎದ್ದೆ.

ಹಿಂದಿನ ಕಟ್ಟಡಕ್ಕೆ ನಾನು ಹೋಗಿ ಒಂದು ವರ್ಷವೇ ಆಗಿರಬೇಕು. ನಡುವಿನ ಅಂಗಳದಲ್ಲಿ ಒಬ್ಬರು ನರ್ಸ್ ದೊಡ್ಡ ಲಕೋಟೆಗಳನ್ನು ಎದೆಗೆ ಅವಚಿಕೊಂಡು ಎದುರು ಬಂದರು. ಸ್ವಲ್ಪ ದಾರಿ ಬಿಡಿ ಅಂದರು. ಫೋನಿನಲ್ಲಿ ಕೇಳಿದ ದನಿಯಿಂದಲೇ ಗುರುತಾಯಿತು, ಆ ಹಿರಿಯ ನರ್ಸ್. ನೆಟ್‌ವರ್ಕ್ ಕೋಣೆಯವಳು ಎಂದು ಹೇಳಿಕೊಂಡೆ. ಲೈನು ಬಳಸುತ್ತಿಲ್ಲವಾ ಎಂದು ಕೇಳಿದೆ. ಅವರಿಗೆ ಸಿಟ್ಟು ಕೂಡ ಬರಲಿಲ್ಲ. ನನ್ನಷ್ಟೇ ದಣಿದಿದ್ದರು. ಬಳಸಿ ಬಳಸಿ ಸಾಕಾಗಿ ಬಿಟ್ಟೆವು, ಈಗ ಚಿತ್ರಗಳನ್ನು ಕಾಗದದ ಮೇಲೆ ತೆಗೆದು ಕೈಯಲ್ಲೇ ಒಯ್ಯುತ್ತೇವೆ, ಡಾಕ್ಟರು ಮಂಗಳವಾರಕ್ಕೊಮ್ಮೆ ಒಟ್ಟಿಗೆ ನೋಡುತ್ತಾರೆ ಅಂದರು. ನನಗೆ ಯಾಕೆ ಹೇಳಲಿಲ್ಲ ಅಂದೆ.

"ಪೂರ್ತಿ ನಿಂತರೆ ಮಾತ್ರ ಹೇಳಿ ಅಂದಿದ್ರಲ್ಲ," ಅಂದರು. "ಅದು ಪೂರ್ತಿ ನಿಲ್ಲಲೇ ಇಲ್ಲ."

ಅವರ ಹಿಂದೆಯೇ ತಿರುಗಿ ಮುಂದಿನ ಕಟ್ಟಡಕ್ಕೆ, ಡಾಕ್ಟರ ಕೋಣೆಯ ಕಡೆಗೆ ಹೋದೆ. ಉದ್ದದ ಓಣಿ, ಒಂದು ಬದಿಗೆ ಬೆಂಚು, ಬೆಂಚಿನ ತುಂಬ ಜನ. ಕೊನೆಯಲ್ಲಿ ಒಳ್ಳೆಯ ಸೀರೆ ಉಟ್ಟು, ಹೊಲಿಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಅಕ್ಕ ಕೂತಿದ್ದಳು.

ನಾನು ಅವಳ ಪಕ್ಕಕ್ಕೇ ಬಂದು ನಿಂತೆ. ಅವಳಿಗೆ ಗೊತ್ತಾಗಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ ಕೂತೇ ಇದ್ದಳು. ಒಂದು ಕೈ ಅಂತರದಲ್ಲಿ ನಿಂತಿದ್ದೇನೆ, ನನ್ನನ್ನು ಬೆಳೆಸಿದವಳಿಗೆ ನಾನು ಕಾಣುತ್ತಿಲ್ಲ. ಅಕ್ಕಾ ಅಂದೆ. ಆಗ ಪೂರ್ತಿ ಕತ್ತು ತಿರುಗಿಸಿ ನೋಡಿದಳು. ಕದ್ದು ಏನೋ ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಮುಖವಾಯಿತು ಅವಳದು.

ಪಕ್ಕದಲ್ಲಿ ಕೂತೆ. ಯಾವಾಗಿನಿಂದ ಎಂದು ಕೇಳಿದೆ. ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತಲಾಗುತ್ತ ಬಂತಂತೆ, ಬಾಗಿಲ ಸಂದಿಯಿಂದ ನೋಡಿದ ಹಾಗೆ. ಎದುರಿಗೆ ಇರುವುದು ಕಾಣುತ್ತದೆ, ಪಕ್ಕದ್ದು ಇಲ್ಲ. ದೀಪದ ಸುತ್ತ ಬಳೆ ಕಂಡದ್ದು ಬಲ್ಬಿನ ದೋಷವಲ್ಲ ಎಂದು ನಾನು ಬಲ್ಬು ಹಾಕಿದ ದಿನವೇ ಅವಳಿಗೆ ಗೊತ್ತಾಗಿತ್ತು. ನನ್ನೊಡನೆ ಒಂದು ಮಾತು ಹೇಳಬಾರದಿತ್ತೇ ಅಂದೆ. ದನಿ ಜೋರಾಯಿತು, ಬೆಂಚಿನವರೆಲ್ಲ ತಿರುಗಿ ನೋಡಿದರು.

"ತೀರಾ ಆಗದಿದ್ದಾಗ ಮಾತ್ರ ಹೇಳು ಅಂದಿದ್ದೆಯಲ್ಲ ಮರೀ," ಅಂದಳು. "ಇನ್ನೂ ಆಗ್ತಿತ್ತು."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಹೇಳಿದ್ದನ್ನು ಅವಳು ಪಾಲಿಸಿದ್ದಳು, ಅಷ್ಟೆ.

ಆಮೇಲೆ ಇನ್ನೂ ಒಂದು ತಿಳಿಯಿತು. ಇವತ್ತು ಅವಳು ಬಂದದ್ದು ನಾಲ್ಕನೇ ಸಲ. ಮೊದಲ ಸಲ ತೆಗೆದ ಚಿತ್ರ ಡಾಕ್ಟರಿಗೆ ತಲುಪಲಿಲ್ಲ. ಎರಡನೇ ಸಲದ್ದು ಅರ್ಧ ಹೋಗಿ ನಿಂತಿತು. ಮೂರನೇ ಸಲ ಬರುವ ಹೊತ್ತಿಗೆ ಪರಿಶೀಲನೆಯ ಗಲಾಟೆಯಲ್ಲಿ ಡಾಕ್ಟರೇ ಈ ಕಡೆ ಬಂದಿರಲಿಲ್ಲ. ಪ್ರತಿ ಸಲವೂ ಮುಂದಿನ ವಾರ ಬನ್ನಿ ಎಂದು ಕಳಿಸಿದ್ದಾರೆ. ದಾರದ ಕಥೆ ಇದು. ನನ್ನ ಅಕ್ಕ ಎಂದು ಒಂದು ಮಾತು ಹೇಳಿದ್ದರೆ ಅವತ್ತೇ ನೋಡುತ್ತಿದ್ದರು, ಯಾಕೆ ಹೇಳಲಿಲ್ಲ ಅಂದೆ.

"ಲೈನ್ ಸರಿಯಿಲ್ಲ ಅಂತ ಎಲ್ರೂ ಬೈತಿದ್ರು. ನಿನ್ನ ಹೆಸರು ಎಲ್ಲಿ ಬರುತ್ತೋ ಅಂತ ಸುಮ್ಮನೆ ಕೂತೆ."

ನಾನು ಅತ್ತೆ. ಕೆಲಸದ ಜಾಗದಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಅಷ್ಟು ಜನರ ಎದುರಿಗೆ ಅತ್ತೆ. ಅಕ್ಕ ಚೀಲದಿಂದ ಒಂದು ಬಟ್ಟೆಯ ಚೂರು ತೆಗೆದು ಕೊಟ್ಟಳು. ಮೂಗು ಒರೆಸಿಕೋ, ಡಾಕ್ಟರು ನಿನ್ನನ್ನೇ ರೋಗಿ ಅಂದುಕೊಳ್ಳುತ್ತಾರೆ ಅಂದಳು.

ಡಾಕ್ಟರು ಒಳ್ಳೆಯ ಮನುಷ್ಯರು, ನಿಧಾನವಾಗಿ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ, ಒಳಗಿನ ನರ ಅಂಚಿನಿಂದ ಒಣಗುತ್ತ ಬಂದಿದೆ. ಹೋದದ್ದು ಮತ್ತೆ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ದಿನಾ ತಪ್ಪದೆ ಹನಿ ಹಾಕಿದರೆ. ಇದು ಹೀಗೇ, ನೋವಿಲ್ಲ, ಕೆಂಪಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ತುಂಬ ಹೋಗಿರುತ್ತದೆ ಅಂದರು. ಈ ಮೂರು ವಾರದಲ್ಲಿ ಎಷ್ಟು ಹೋಗಿರಬಹುದು ಅಂದೆ. ಹಾಗೆ ಅಳೆದು ಹೇಳಲಾಗದು, ಅದನ್ನೇ ಯೋಚಿಸುತ್ತ ಕೂರಬೇಡಿ ಅಂದರು.

ಯೋಚಿಸುತ್ತಲೇ ಇದ್ದೇನೆ.

ಮೇ 7, ಬುಧವಾರ

ಬೆಳಗ್ಗೆ ಸಾಹೇಬರ ಕೋಣೆಗೆ ಹೋಗಿ ಛಾವಣಿ ತೆಗೆಸಿ ಅಂದೆ. ಪರಿಶೀಲನೆ ಮುಗಿದು ವಾರ ಕೂಡ ಆಗಿಲ್ಲ, ಸ್ಕ್ರೀನು ಹಸಿರಾಗಿಯೇ ಇದೆಯಲ್ಲ ಅಂದರು. ಆ ಹಸಿರು ಬಣ್ಣ ಬಳಿದದ್ದು ನಾನೇ, ನೀವು ಡಬ್ಬಿ ಹಿಡಿದುಕೊಂಡಿದ್ದಿರಿ ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಇದೇ ಮೊದಲು. ಅವರಿಗೂ ಏನೋ ತಟ್ಟಿತೆಂದು ಕಾಣುತ್ತದೆ, ಬಡಗಿಯನ್ನು ಕರೆಸಿದರು, ಏಣಿಯನ್ನು ಒಂದು ಹೊತ್ತು ತಾವೇ ಹಿಡಿದರು.

ನಾಲ್ಕು ಹಲಗೆ ಇಳಿಸಿದ್ದಷ್ಟೇ. ಛಾವಣಿ ಹಾಕುವಾಗ ತಂತಿ ಕಬ್ಬಿಣದ ಪಟ್ಟಿಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಹೊಸ ತಂತಿ ಎಳೆಯಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಇಷ್ಟೇ ಕೆಲಸ. ಇಷ್ಟಕ್ಕೇ.

ಎಲ್ಲ ಪೋರ್ಟುಗಳ ಮಿತಿಯನ್ನು ಮತ್ತೆ ಸಾವಿರಕ್ಕೆ ಒಂದು ಮಾಡಿದೆ. ಜೊತೆಗೆ ಹೊಸದೊಂದು ಸೇರಿಸಿದೆ. ಲೈನಿಗೆ ಜೀವ ಇದ್ದೂ ಕೆಲಸದ ಹೊತ್ತಿನಲ್ಲಿ ಅದರಲ್ಲಿ ಏನೂ ಹೋಗದಿದ್ದರೆ ಅದಕ್ಕೂ ಅಲರ್ಟು ಬರಬೇಕು. ಸಂಜೆಯೊಳಗೆ ಸ್ಕ್ರೀನಿನ ತುಂಬ ಹಳದಿ ಚುಕ್ಕೆ, ಫೋನು ಕುಂಯ್ ಕುಂಯ್. ಹಿಂದಿನ ಕಟ್ಟಡದ ನರ್ಸಿಗೆ ಫೋನ್ ಮಾಡಿ ಹೇಳಿದೆ, ನಿಧಾನವಾದರೂ ಹೇಳಿ, ಅನುಮಾನ ಬಂದರೂ ಹೇಳಿ ಅಂತ. ಅವರು ನಂಬಿದರೋ ಇಲ್ಲವೋ, ಆಯಿತು ಅಂದರು.

ಮೇ 19, ಸೋಮವಾರ

ಹನಿ ಹಾಕುವುದು ನನ್ನ ಕೆಲಸ. ಅಕ್ಕ ತಲೆ ಹಿಂದಕ್ಕೆ ವಾಲಿಸಿ ಕೂರುತ್ತಾಳೆ, ಹನಿ ಬೀಳುವ ಮೊದಲೇ ಕಣ್ಣು ಮುಚ್ಚುತ್ತಾಳೆ, ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಂಡು ನಿನ್ನ ಕೈಯೇ ಸರಿಯಿಲ್ಲ ಅನ್ನುತ್ತಾಳೆ. ನಾನು ಚಿಕ್ಕವಳಿದ್ದಾಗ ಔಷಧಿ ಕುಡಿಸಲು ಅವಳು ನನ್ನ ಮೂಗು ಹಿಡಿಯುತ್ತಿದ್ದಳು. ಅದನ್ನು ನೆನಪಿಸಿದೆ. ಕಣ್ಣಿಗೆ ಮೂಗು ಹಿಡಿದರೆ ಉಪಯೋಗವಿಲ್ಲ ಅಂದಳು.

ಬಾಗಿಲ ಚೌಕಟ್ಟಿಗೆ ಬಿಳಿ ಪಟ್ಟಿ ಅಂಟಿಸಿದೆ. ಮೇಜಿನ ಅಂಚಿನಲ್ಲಿ ಏನೂ ಇಡುವುದಿಲ್ಲ. ಒಂದು ಕರಾರೂ ಆಗಿದೆ: ದಿನಾ ಬೆಳಗ್ಗೆ ಹನ್ನೊಂದಕ್ಕೆ ಅವಳು ನನಗೆ ಫೋನ್ ಮಾಡಬೇಕು, ಹೇಳುವುದು ಏನೂ ಇಲ್ಲದಿದ್ದರೂ. ಏನೂ ಇಲ್ಲದಿದ್ದರೆ ಏನು ಮಾತಾಡಲಿ ಎಂದು ಮೊದಲು ತಕರಾರು ತೆಗೆದಳು. ಈಗ ಫೋನು ಇಡಿಸುವುದೇ ಕಷ್ಟವಾಗಿದೆ. ಪಕ್ಕದ ಮನೆಯ ಮುದುಕರ ಮೇಲೆ ಯುದ್ಧ ಮತ್ತೆ ಶುರುವಾಗಿದೆ. ಎದುರು ಮನೆಯ ಪರದೆಯನ್ನು ಬಿಚ್ಚಿ ನೇರವಾಗಿ ಹೊಲಿದು ಕೊಟ್ಟಿದ್ದಾಳೆ, ಬಟ್ಟೆಯನ್ನು ಕಣ್ಣೆದುರೇ ಹಿಡಿದುಕೊಂಡು, ಒಂದೊಂದೇ ಗೇಣು.

ಜೂನ್ 4, ಬುಧವಾರ

ಇವತ್ತು ಹನ್ನೊಂದಾಯಿತು, ಫೋನು ಬರಲಿಲ್ಲ.

ಸಾಹೇಬರು ಹೊಸಬರನ್ನು ತೆಗೆದುಕೊಳ್ಳುವ ವಿಚಾರ ಮಾತಾಡುತ್ತಿದ್ದರು. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದ ವಿಚಾರ. ಗಡಿಯಾರ ನೋಡುತ್ತಿದ್ದೆ, ಅವರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ನಡುವೆಯೇ ಎದ್ದು ಹೊರಗೆ ಬಂದೆ. ಒಲೆ, ಮೆಟ್ಟಿಲು, ಸ್ನಾನದ ಮನೆಯ ಜಾರುವ ನೆಲ, ಎಲ್ಲ ಕಣ್ಣಮುಂದೆ ಬಂದವು. ನಾನೇ ಫೋನ್ ಮಾಡಿದೆ.

ಮೊದಲ ರಿಂಗಿಗೇ ಎತ್ತಿದಳು. ಏನಾಯ್ತು, ಯಾಕೆ ಮಾಡಲಿಲ್ಲ ಅಂದೆ.

"ಏನೂ ಆಗಿಲ್ಲ," ಅಂದಳು. "ನಿಮ್ಮ ಸಾಹೇಬರು ತಂತಿ ಕೀಳ್ತಾರಲ್ಲ, ಹಾಗೆ ಮಾಡಿ ನೋಡಿದೆ."

ಬೈಯಬೇಕೆಂದಿದ್ದೆ. ಆದರೆ ಅವಳು ಆ ಕಡೆ ಗಡಿಯಾರವನ್ನು ಮುಖದ ಹತ್ತಿರ ಹಿಡಿದುಕೊಂಡಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಪರವಾಗಿಲ್ಲ," ಅಂದಳು. "ಇನ್ನೂ ಸ್ವಲ್ಪ ಬೇಗ ಬರಬಹುದಿತ್ತು."

ಆಮೇಲೆ ಹಾಲು ಉಕ್ಕಿದ್ದು, ಟ್ಯಾಂಕು ಹರಿದದ್ದು, ಪೇಪರ್ ಹೋದದ್ದು, ಎಲ್ಲ ಹೇಳಿದಳು. ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ಕೇಳಿದೆ. ಒಳಗೆ ಸಾಹೇಬರು ಕಾಯುತ್ತಿದ್ದರು.